ಗೋಣಿಯ ಪರ, ಗಿರಣಿಯ ಪರವಲ್ಲ

ಸರ್ಕಾರ ಕೊಳ್ಳುವ ಧಾನ್ಯವನ್ನು ಗೋಣಿ ಚೀಲದಲ್ಲೇ ತುಂಬಬೇಕೆಂಬ ನಿಯಮ ಉಳಿಯಲಿ, ನಮ್ಮ ಪೂರೈಕೆ ಸರಪಳಿಯಲ್ಲಿ ಪರಿಸರಕ್ಕೆ ಒಗ್ಗುವ ಕೊಂಡಿ ಎಂದರೆ ಅದೊಂದೇ ಎಂದು ನಾನು ಬರೆದದ್ದಕ್ಕೆ ಸಾಕಷ್ಟು ಉತ್ತರಗಳು ಬಂದಿವೆ. ಬೈಗುಳವನ್ನು ಪಕ್ಕಕ್ಕಿಟ್ಟರೂ ಆರೇಳು ಗಟ್ಟಿ ಆಕ್ಷೇಪಗಳು ಉಳಿಯುತ್ತವೆ. ಬರೆದವರಲ್ಲಿ ಬೆಳಗಾವಿ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡಿದವರಿದ್ದಾರೆ, ಬೆಂಗಳೂರಿನಲ್ಲಿ ಸಾಗಣೆ ವ್ಯವಹಾರ ನಡೆಸುವವರಿದ್ದಾರೆ, ನೀರಿನ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲ ಹಿರಿಯ ಅಧ್ಯಾಪಕರೂ ಇದ್ದಾರೆ. ಕೋಲ್ಕತ್ತಾದ ಜಾದವ್‌ಪುರದಲ್ಲಿ ಕೂತು ಬಂಗಾಳದ ಗಿರಣಿ ಮಾಲೀಕರ ವಕಾಲತ್ತು ವಹಿಸಿದ್ದೀರಿ ಎಂದವರೂ ಒಬ್ಬರಿದ್ದಾರೆ. ಅವರ ಸರದಿ ಕೊನೆಗೆ.

ನಿಯಮ ಏನೆಂದು ಒಂದು ಮಾತು. 1987ರಲ್ಲಿ ಸಂಸತ್ತು ಮಾಡಿದ ಕಾಯ್ದೆಯ ಪ್ರಕಾರ ಯಾವ ಸರಕನ್ನು ಎಷ್ಟರಮಟ್ಟಿಗೆ ಸೆಣಬಿನ ಚೀಲದಲ್ಲಿ ತುಂಬಬೇಕೆಂದು ಕೇಂದ್ರ ಆಗಾಗ ನಿಗದಿ ಮಾಡುತ್ತದೆ. 2023ರ ಡಿಸೆಂಬರಿನಲ್ಲಿ ಸಂಪುಟ ಒಪ್ಪಿದ್ದು ಆಹಾರಧಾನ್ಯಕ್ಕೆ ನೂರಕ್ಕೆ ನೂರು, ಸಕ್ಕರೆಗೆ ಇಪ್ಪತ್ತು. ಒಂದು ಕಾಲಕ್ಕೆ ಸಿಮೆಂಟು, ರಸಗೊಬ್ಬರಗಳೂ ಈ ಪಟ್ಟಿಯಲ್ಲಿದ್ದವು. ದಾಲ್ಮಿಯಾ ಸಿಮೆಂಟ್ ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತಾದರೂ ಸಿಮೆಂಟು, ಗೊಬ್ಬರ ಮುಂದೆ ಪಟ್ಟಿಯಿಂದ ಜಾರಿಕೊಂಡವು. ಹತ್ತು ಕೆಜಿಯೊಳಗಿನ ಧಾನ್ಯದ ಪೊಟ್ಟಣಕ್ಕೂ ರಫ್ತಿಗೂ ವಿನಾಯಿತಿ ಇದೆ. ವ್ಯವಹಾರದಲ್ಲಂತೂ ಈ ನಿಯಮ ಬಿಗಿಯಾಗಿ ಕಾಣುವುದು ಸರ್ಕಾರಿ ಖರೀದಿಯಲ್ಲಿ ಮಾತ್ರ. ಜಾದವ್‌ಪುರದ 8ಬಿ ಬಸ್ ನಿಲ್ದಾಣದ ಆಚೀಚಿನ ದಿನಸಿ ಅಂಗಡಿಗಳಲ್ಲಿ ಮಿನಿಕಿಟ್, ಗೋಬಿಂದಭೋಗ್ ಅಕ್ಕಿ ನಿಂತಿರುವುದು ಬಣ್ಣಬಣ್ಣದ ಪ್ಲಾಸ್ಟಿಕ್ ನೇಯ್ಗೆ ಚೀಲದಲ್ಲಿ. ಹೂಗ್ಲಿಯ ಗಿರಣಿಗಳು ಇಲ್ಲಿಂದ ಒಂದೆರಡು ತಾಸಿನ ದಾರಿ. ಸೆಣಬಿನ ರಾಜಧಾನಿಯಲ್ಲೇ ಅಕ್ಕಿಗೆ ಗೋಣಿ ಇಲ್ಲ!

ದುಡ್ಡಿನ ಮಾತನ್ನು ಮೊದಲು ಮುಗಿಸೋಣ. ಗೋಣಿ ಚೀಲಕ್ಕೆ ಪ್ಲಾಸ್ಟಿಕ್ ಚೀಲದ ಮೂರು ಪಟ್ಟು ಬೆಲೆ, ಆ ಹೊರೆ ತೆರಿಗೆ ಕಟ್ಟುವವರ ತಲೆಗೆ ಎನ್ನುತ್ತಾರೆ. ಬೆಲೆಯ ಬಗ್ಗೆ ನನ್ನದೇನೂ ತಕರಾರಿಲ್ಲ. ಸರ್ಕಾರ ವರ್ಷಕ್ಕೆ ಸುಮಾರು 12,000 ಕೋಟಿ ರೂಪಾಯಿಯ ಗೋಣಿ ಚೀಲ ಕೊಳ್ಳುತ್ತದೆ, ಅದು ಸಣ್ಣ ಮೊತ್ತವಲ್ಲ. ಆದರೆ ಈ ಮೊತ್ತವನ್ನು ಬಿಡಿಸಿ ನೋಡಿ. ಎರಡು ಚೀಲಗಳ ನಡುವಿನ ವ್ಯತ್ಯಾಸ ಐವತ್ತು ರೂಪಾಯಿ ಎಂದೇ ಹಿಡಿಯಿರಿ. ಐವತ್ತು ಕೆಜಿ ಹಿಡಿಯುವ ಚೀಲವಾದ್ದರಿಂದ ಕೆಜಿಗೆ ಒಂದು ರೂಪಾಯಿ. ಭಾರತೀಯ ಆಹಾರ ನಿಗಮಕ್ಕೆ ಒಂದು ಕೆಜಿ ಅಕ್ಕಿ ಖರೀದಿ, ಸಾಗಣೆ, ದಾಸ್ತಾನು ಎಲ್ಲ ಸೇರಿ ನಲವತ್ತು ರೂಪಾಯಿಯ ಆಸುಪಾಸಿಗೆ ಬೀಳುತ್ತದೆ. ಅದರಲ್ಲಿ ಒಂದು ರೂಪಾಯಿ ಹೆಚ್ಚು, ಅದೂ ಚೀಲವನ್ನು ಒಂದೇ ಸಲ ಬಳಸಿದರೆ. ಎರಡನೇ ಸಲ ತುಂಬಿದರೆ ಗೋಣಿಯ ಖರ್ಚು ಅರ್ಧಕ್ಕೆ ಇಳಿಯಿತು, ಮೂರನೇ ಸಲಕ್ಕೆ ವ್ಯತ್ಯಾಸವೇ ಬಹುತೇಕ ಕರಗಿತು. ಚೀಲದ ಅಭಾವ ಕಾಡಿದ ವರ್ಷಗಳಲ್ಲಿ ಛತ್ತೀಸ್‌ಗಢ ಪಡಿತರ ಅಂಗಡಿಗಳಿಂದಲೂ ಅಕ್ಕಿ ಗಿರಣಿಗಳಿಂದಲೂ ಒಮ್ಮೆ ಬಳಸಿದ ಚೀಲ ವಾಪಸು ತರಿಸಿ ಭತ್ತ ತುಂಬಿಸಿತು. ಬಿಕ್ಕಟ್ಟಿನಲ್ಲಿ ಆದದ್ದು ಮಾಮೂಲಿ ದಿನಗಳಲ್ಲಿ ಏಕಾಗಬಾರದು ಎಂಬ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನಮ್ಮ ನ್ಯಾಯಬೆಲೆ ಅಂಗಡಿಯ ಖಾಲಿ ಚೀಲ ಹಳೆ ಚೀಲದ ವ್ಯಾಪಾರಿಯ ಪಾಲಾದಾಗ ಅದರ ಬೆಲೆ ಸರ್ಕಾರದ ಲೆಕ್ಕದಿಂದ ಮಾಯವಾಗುತ್ತದೆ. ದುಬಾರಿ ಎನ್ನುವವರು ಈ ಸೋರಿಕೆಯನ್ನು ಎಣಿಸುವುದೇ ಇಲ್ಲ.

ಸಾಗಣೆಯವರ ಆಕ್ಷೇಪ ಹೆಚ್ಚು ಚುರುಕಾಗಿದೆ. ಅವರು ಹೇಳುವುದಿಷ್ಟು: "ಗೋಣಿ ಭಾರ, ದೂರದಿಂದ ಬರುವಂಥದ್ದು. ಪ್ಲಾಸ್ಟಿಕ್ಕಿನ ಕಚ್ಚಾವಸ್ತು ನಮ್ಮ ಮಂಗಳೂರಿನಲ್ಲೇ ತಯಾರಾಗುತ್ತದೆ. ಡೀಸೆಲ್ ಸುಟ್ಟು ಎರಡು ಸಾವಿರ ಕಿಲೋಮೀಟರ್ ದೂರದಿಂದ ಚೀಲ ತರಿಸುವುದನ್ನು ಪರಿಸರ ಎನ್ನುತ್ತೀರಾ?" ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್‌ನಲ್ಲಿ ವರ್ಷಕ್ಕೆ 4.4 ಲಕ್ಷ ಟನ್ ಸಾಮರ್ಥ್ಯದ ಪಾಲಿಪ್ರೊಪಿಲೀನ್ ಘಟಕ ಇರುವುದು ನಿಜ, 2015ರಿಂದ ನಡೆಯುತ್ತಿದೆ. ಆದರೆ ಮಂಗಳೂರಿಗೆ ಕಚ್ಚಾತೈಲ ಬರುವುದು ಹಡಗಿನಲ್ಲಿ, ಬಹುಪಾಲು ಹೊರದೇಶದಿಂದ. ಗೋಣಿಯ ದೂರವನ್ನು ಗದ್ದೆಯಿಂದ ಅಳೆದು ಪ್ಲಾಸ್ಟಿಕ್ಕಿನ ದೂರವನ್ನು ಪಣಂಬೂರು ಬಂದರಿನಿಂದ ಅಳೆದರೆ ಹೇಗೆ?

ಭಾರದ ಲೆಕ್ಕ ನಾನೇ ಹಾಕಿದೆ. ಈಗಿನ ಐವತ್ತು ಕೆಜಿಯ ಗೋಣಿ ಚೀಲದ ತೂಕ 580 ಗ್ರಾಂ, ಹಿಂದೆ 665 ಇತ್ತು. ಪ್ಲಾಸ್ಟಿಕ್ಕಿನದು ನೂರು ನೂರೈವತ್ತು ಗ್ರಾಂ. ಹತ್ತು ಟನ್ ಅಕ್ಕಿಯ ಲಾರಿಯಲ್ಲಿ ಇನ್ನೂರು ಚೀಲ. ಗೋಣಿಯಾದರೆ 116 ಕೆಜಿ, ಪ್ಲಾಸ್ಟಿಕ್ಕಾದರೆ 26 ಕೆಜಿ ಅನ್ನಿ. ವ್ಯತ್ಯಾಸ 90 ಕೆಜಿ, ಸರಕಿನ ಭಾರದಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಡ್ರೈವರು, ಕ್ಲೀನರು, ಅವರ ಹಾಸಿಗೆ, ಸ್ಟೌ ಸೇರಿದರೆ ಅದಕ್ಕಿಂತ ಹೆಚ್ಚು ತೂಗುತ್ತದೆ. ಇನ್ನು ದೂರ. ಒಂದು ಚೀಲವನ್ನು ಕೋಲ್ಕತ್ತಾದಿಂದ ಕರ್ನಾಟಕಕ್ಕೆ ಲಾರಿಯಲ್ಲೇ ತಂದರೂ ಅಂದಾಜು ನೂರು ಗ್ರಾಮಿನಷ್ಟು ಇಂಗಾಲದ ಡೈಆಕ್ಸೈಡ್ ಹೊಮ್ಮಬಹುದು, ರೈಲಿನಲ್ಲಾದರೆ ಅದರ ಒಂದು ಸಣ್ಣ ಪಾಲು. ಒಂದು ಕೆಜಿ ಪಾಲಿಪ್ರೊಪಿಲೀನ್ ತಯಾರಿಸುವುದಕ್ಕೆ ಸಾಮಾನ್ಯವಾಗಿ ಹೇಳುವ ಲೆಕ್ಕ ಒಂದೂವರೆಯಿಂದ ಎರಡು ಕೆಜಿ. ಅಂದರೆ ಒಂದು ಪ್ಲಾಸ್ಟಿಕ್ ಚೀಲದ ಹರಳು ಹುಟ್ಟುವಾಗಲೇ ಇನ್ನೂರು ಗ್ರಾಮಿನ ಮೇಲಾಯಿತು, ದಾರ ಎಳೆದು ನೇಯುವುದು ಬೇರೆ.

ಇಷ್ಟಕ್ಕೇ ನಾನು ಗೆದ್ದೆ ಎನ್ನುವುದಿಲ್ಲ. ಗೋಣಿ ಗಿರಣಿಗೂ ಕರೆಂಟು ಬೇಕು, ಬಂಗಾಳದ ಕರೆಂಟು ಹೆಚ್ಚಾಗಿ ಕಲ್ಲಿದ್ದಲಿನದು. ಅದನ್ನೂ ಸೇರಿಸಿದರೆ, ಒಂದೇ ಸಲ ಬಳಸಿ ಎಸೆಯುವ ಗೋಣಿ ಇಂಗಾಲದ ಲೆಕ್ಕದಲ್ಲಿ ದೊಡ್ಡ ಅಂತರದಿಂದೇನೂ ಗೆಲ್ಲುವುದಿಲ್ಲ. ಗೋಣಿಯ ಪರ ಇರುವ ನಮ್ಮವರೇ ಭಾಷಣಗಳಲ್ಲಿ ಹೇಳುವ ಒಂದು ಮಾತಿದೆ: ಒಂದು ಹೆಕ್ಟೇರ್ ಸೆಣಬು ಒಂದು ಬೆಳೆಯಲ್ಲಿ 15 ಟನ್ ಇಂಗಾಲದ ಡೈಆಕ್ಸೈಡ್ ಹೀರುತ್ತದಂತೆ. ಹೀರಲಿ, ಸಂತೋಷ. ಗಿಡದ ಎಲೆ ಉದುರಿ ಕೊಳೆತಾಗ, ಕಡ್ಡಿ ಒಲೆಗೆ ಹೋದಾಗ, ಚೀಲ ಮಣ್ಣಾದಾಗ ಅದರಲ್ಲಿ ಬಹುಪಾಲು ಗಾಳಿಗೇ ಮರಳುತ್ತದೆ. ಭತ್ತವೂ ಹೀರುತ್ತದೆ, ಜೋಳವೂ ಹೀರುತ್ತದೆ. ಈ ಅಂಕಿಯನ್ನು ಮುಂದಿಟ್ಟು ವಾದ ಮಾಡುವವರು ಎದುರಾಳಿಗೆ ಸುಲಭದ ಗೆಲುವು ಕೊಡುತ್ತಾರೆ. ಚೀಲ ಎಷ್ಟು ಸಲ ತುಂಬುತ್ತದೆ, ಕೊನೆಗೆ ಎಲ್ಲಿ ಬೀಳುತ್ತದೆ ಎಂಬುದರಲ್ಲೇ ತೀರ್ಮಾನ ಇರುವುದು.

ಅದನ್ನು ನೋಡಲು ನಾನು ದೂರ ಹೋಗಬೇಕಾಗಿಲ್ಲ. ಬೆಳಗಿನ ಹೊತ್ತು ಜಾದವ್‌ಪುರ ಸ್ಟೇಷನ್ನಿಗೆ ಸೀಯಲ್ದಾ ದಕ್ಷಿಣ ಮಾರ್ಗದ ಲೋಕಲ್ ರೈಲುಗಳು ಬರುತ್ತವೆ. ಕ್ಯಾನಿಂಗ್, ಲಕ್ಷ್ಮೀಕಾಂತಪುರದ ಕಡೆಯಿಂದ ಸೊಪ್ಪು ತರಕಾರಿ ಮಾರುವ ಹೆಂಗಸರು ಇಳಿಯುತ್ತಾರೆ. ಹೊರೆ ಕಟ್ಟಿರುವುದು ಗೋಣಿಯಲ್ಲಿ. ಹೊರಗಿನ ಅಚ್ಚು ಮಾಸಿದೆಯಾದರೂ ಅದು ಯಾವುದೋ ರಾಜ್ಯದ ಧಾನ್ಯದ ಚೀಲವೆಂದು ಓದಿಕೊಳ್ಳಬಹುದು. ಹೊರೆ ಬಿಚ್ಚಿದ ಮೇಲೆ ಅದೇ ಗೋಣಿಯನ್ನು ನೀರಲ್ಲಿ ಅದ್ದಿ ಪಾಲಕ್, ಪುಯಿ ಶಾಕ್ ಎಂಬ ಬಸಳೆಯ ಮೇಲೆ ಹೊದಿಸುತ್ತಾರೆ. ಇನ್ನೊಂದನ್ನು ನಾಲ್ಕು ಮಡಿಕೆ ಮಾಡಿ ಕೂರುತ್ತಾರೆ. ಹರಿದದ್ದನ್ನು ದಬ್ಬಳದಿಂದ ಹೊಲಿದಿರುತ್ತಾರೆ, ಹೊಲಿಗೆಯ ಮೇಲೆ ಇನ್ನೊಂದು ಹೊಲಿಗೆ. ನಮ್ಮಲ್ಲೂ ಹಾಗೇ ತಾನೇ? ಮಲೆನಾಡಿನಲ್ಲಿ ಮಳೆಗೆ ಗೋಣಿಕೊಪ್ಪೆ, ಬೆಂಗಳೂರಿನ ಕಟ್ಟಡದಲ್ಲಿ ಹಸಿ ಕಂಬಕ್ಕೆ ಸುತ್ತಿ ನೀರುಣಿಸುವ ಗೋಣಿ, ಕೊಟ್ಟಿಗೆಯಲ್ಲಿ ಕರುವಿನ ಕೆಳಗೆ ಗೋಣಿ, ಬಾಗಿಲಲ್ಲಿ ಕಾಲೊರೆಸುವ ಗೋಣಿ. ಕಡೆಗೆ ತಿಪ್ಪೆಗೆ ಹೋದರೆ ಗೊಬ್ಬರ.

ಪ್ಲಾಸ್ಟಿಕ್ ಚೀಲವನ್ನೂ ಜನ ಮರುಬಳಸುತ್ತಾರೆ, ಅದು ಮರುಸಂಸ್ಕರಣೆಗೂ ಹೋಗುತ್ತದೆ ಎಂಬ ವಾದ ಇಲ್ಲಿಗೆ ಬಂದು ನಿಲ್ಲುತ್ತದೆ. ಬಳಸುತ್ತಾರೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದು ಬೇಸಿಗೆ ಬಿಸಿಲಲ್ಲಿ ಬಿದ್ದ ಪ್ಲಾಸ್ಟಿಕ್ ಚೀಲವನ್ನು ಎತ್ತಿ ನೋಡಿ. ಕೈಯಲ್ಲೇ ಪುಡಿಪುಡಿಯಾಗಿ ಎಳೆ ಉದುರುತ್ತದೆ. ಆ ಎಳೆ ಹೊಲದಲ್ಲಿ, ಚರಂಡಿಯಲ್ಲಿ ಉಳಿದುಬಿಡುತ್ತದೆ. ಕಟ್ಟಡ ಒಡೆದ ಮಣ್ಣು ತುಂಬಿ ರಾತ್ರೋರಾತ್ರಿ ಕೆರೆಯಂಚಿಗೆ ಎಸೆದ ಚೀಲಗಳನ್ನು ಬೆಂಗಳೂರಿನವರಿಗೆ ನಾನು ತೋರಿಸಬೇಕಾಗಿಲ್ಲ. ತಯಾರಕರೇ ತಮ್ಮ ಪ್ಲಾಸ್ಟಿಕ್ಕಿನ ಹೊಣೆ ಹೊರಬೇಕೆಂಬ ನಿಯಮ 2022ರಲ್ಲಿ ಬಂತು ಎಂದು ಒಬ್ಬರು ನೆನಪಿಸಿದ್ದಾರೆ. ಬಂತು. ಮರುಸಂಸ್ಕರಣೆ ಮಾಡಿದ ಪ್ರಮಾಣಪತ್ರ ಕೊಂಡು ಲೆಕ್ಕ ಒಪ್ಪಿಸುವ ಪದ್ಧತಿ ಅದು. ಮರುವರ್ಷವೇ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಪಾಸಣೆಯಲ್ಲಿ ಸುಮಾರು ಆರು ಲಕ್ಷ ನಕಲಿ ಪ್ರಮಾಣಪತ್ರ ಸಿಕ್ಕವು. ಸಿಕ್ಕ ರಾಜ್ಯಗಳ ಪಟ್ಟಿಯಲ್ಲಿ ಗುಜರಾತ್, ಮಹಾರಾಷ್ಟ್ರದ ಜೊತೆ ನಮ್ಮ ಕರ್ನಾಟಕವೂ ಇತ್ತು. 2016ರ ಮಾರ್ಚಿನಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿ ಬೆನ್ನು ತಟ್ಟಿಕೊಂಡ ರಾಜ್ಯ ನಮ್ಮದು. ತರಕಾರಿ ತರುವ ಚೀಲ ಅಪರಾಧ, ಅಕ್ಕಿ ಮೂಟೆಯ ಚೀಲ ಪ್ರಗತಿ ಎಂಬ ತರ್ಕ ನನಗೆ ಅರ್ಥವಾಗುವುದಿಲ್ಲ.

ಈಗ ನೀರಿನ ಪ್ರಶ್ನೆ. ಅಧ್ಯಾಪಕರು ಎತ್ತಿದ ಈ ಆಕ್ಷೇಪವೇ ನನಗೆ ಎಲ್ಲಕ್ಕಿಂತ ತೂಕದ್ದಾಗಿ ಕಂಡದ್ದು. ಸೆಣಬನ್ನು ಕೊಯ್ದು ಕಂತೆ ಕಟ್ಟಿ ಹದಿನೆಂಟು ಇಪ್ಪತ್ತು ದಿನ ನಿಂತ ನೀರಿನಲ್ಲಿ ಕೊಳೆಹಾಕುತ್ತಾರೆ. ಆಮೇಲೆ ರೈತ ಸೊಂಟದಮಟ್ಟ ನೀರಿನಲ್ಲಿ ನಿಂತು ಕಡ್ಡಿಯಿಂದ ನಾರು ಬಿಡಿಸುತ್ತಾನೆ. ಆ ನೀರು ಕಪ್ಪಾಗುತ್ತದೆ, ನಾರುತ್ತದೆ, ಅದರಲ್ಲಿನ ಆಮ್ಲಜನಕ ಕುಸಿದು ಮೀನು ಸಾಯುತ್ತದೆ. ಕೊಳೆಯುವ ಕೊಳದಿಂದ ಮೀಥೇನ್ ಅನಿಲವೂ ಹೊರಡುತ್ತದೆ. ಇದನ್ನೆಲ್ಲ ಮುಚ್ಚಿಟ್ಟು ಗೋಣಿ ಪರಿಸರಸ್ನೇಹಿ ಎಂದರೆ ಅದು ಜಾಹೀರಾತು ಮಾತ್ರ.

ಅಧ್ಯಾಪಕರು ಎತ್ತದ, ಇನ್ನೂ ಗಂಭೀರವಾದ ಸಂಗತಿಯೊಂದಿದೆ. ಮಳೆ ಕೈಕೊಟ್ಟ ವರ್ಷ ಹೊಂಡದಲ್ಲಿ ನೀರಿರುವುದಿಲ್ಲ. ಆಗ ರೈತರು ಆಳವಿಲ್ಲದ ಕೊಳವೆಬಾವಿಯಿಂದ ನೀರೆತ್ತಿ ಹೊಂಡ ತುಂಬಿಸುತ್ತಾರೆ. ಸೆಣಬು ಹೆಚ್ಚಾಗಿ ಬೆಳೆಯುವ ನದಿಯಾ, ಮುರ್ಷಿದಾಬಾದ್, ಉತ್ತರ 24 ಪರಗಣ ಜಿಲ್ಲೆಗಳೇ ಅಂತರ್ಜಲದಲ್ಲಿ ಆರ್ಸೆನಿಕ್ ಇರುವ ಜಿಲ್ಲೆಗಳು. ಆ ವಿಷದ ವ್ಯಾಪ್ತಿಯನ್ನು ಹಳ್ಳಿ ಹಳ್ಳಿ ಸುತ್ತಿ ನೀರಿನ ಮಾದರಿ ಸಂಗ್ರಹಿಸಿ ಜಗತ್ತಿಗೆ ತಿಳಿಸಿದವರು ಇಲ್ಲಿನ ಜಾದವ್‌ಪುರ ವಿಶ್ವವಿದ್ಯಾಲಯದ ಪರಿಸರ ಅಧ್ಯಯನ ವಿಭಾಗದ ದೀಪಂಕರ ಚಕ್ರವರ್ತಿ. ಒಂದು ಚೀಲ ಅಕ್ಕಿ ದಾವಣಗೆರೆಯಲ್ಲಿ ತುಂಬುವಾಗ ಅದರ ಹಿಂದೆ ಈ ನೀರೂ ಇದೆ ಎಂಬುದನ್ನು ನಿಯಮದ ಪರವಾಗಿ ಮಾತಾಡುವವರು ಮರೆಯಬಾರದು.

ಹಾಗಿದ್ದರೂ ಗೋಣಿ ಬಿಡಬೇಕೆಂಬ ಅಧ್ಯಾಪಕರ ತೀರ್ಮಾನಕ್ಕೆ ನಾನು ಹೋಗುವುದಿಲ್ಲ, ಏಕೆಂದರೆ ಈ ಕೊಳೆಗೆ ಪರಿಹಾರದ ದಾರಿಗಳಿವೆ. ಬ್ಯಾರಕ್‌ಪುರದ ಸೆಣಬು ಸಂಶೋಧನಾ ಸಂಸ್ಥೆಯವರು ಸೂಕ್ಷ್ಮಾಣುಗಳ ಪುಡಿಯೊಂದನ್ನು ಮಾಡಿದ್ದಾರೆ, ಹೆಸರು ಕ್ರಿಜಾಫ್ ಸೋನಾ. ಹೊಂಡಕ್ಕೆ ಹಾಕಿದರೆ ಕೊಳೆಯುವ ಅವಧಿ ಆರೇಳು ದಿನ ಕಡಿಮೆಯಾಗುತ್ತದೆ, ನಾರಿನ ದರ್ಜೆಯೂ ಏರುತ್ತದೆ. 2015ರಿಂದ ರಾಷ್ಟ್ರೀಯ ಸೆಣಬು ಮಂಡಳಿ ಇದನ್ನು ರೈತರಿಗೆ ಹಂಚುವ ಯೋಜನೆ ನಡೆಸುತ್ತಿದೆ. ಜಾದವ್‌ಪುರಕ್ಕೆ ಹತ್ತಿರದ ರೀಜೆಂಟ್ ಪಾರ್ಕಿನಲ್ಲಿ 1939ರಲ್ಲಿ ಪ್ರಯೋಗಾಲಯವಾಗಿ ಶುರುವಾದ ನಾರು ಸಂಶೋಧನಾ ಸಂಸ್ಥೆಯಿದೆ. ಹಸಿ ಗಿಡದಿಂದಲೇ ತೊಗಟೆಯನ್ನು ಪಟ್ಟಿಯಾಗಿ ಸುಲಿಯುವ ಯಂತ್ರದ ಮೇಲೆ ಅಲ್ಲಿ ಬಹಳ ಕೆಲಸ ಆಗಿದೆ. ಇಡೀ ಗಿಡದ ಬದಲು ಪಟ್ಟಿಯನ್ನಷ್ಟೇ ಕೊಳೆಹಾಕಿದರೆ ನೀರು ಬಹಳ ಕಡಿಮೆ ಸಾಕು.

ಮತ್ತೆ ರೈತ ಯಾಕೆ ಅದನ್ನು ಒಪ್ಪುವುದಿಲ್ಲ? ಯಂತ್ರ ಕಡ್ಡಿಯನ್ನು ಮುರಿದುಹಾಕುತ್ತದೆ. ಇಲ್ಲಿನವರು ಪಾಟ್‌ಕಾಠಿ ಎನ್ನುವ ಆ ಉದ್ದ ಕಡ್ಡಿ ಒಲೆಗೆ, ಬೇಲಿಗೆ, ವೀಳ್ಯದೆಲೆಯ ಚಪ್ಪರಕ್ಕೆ ಬೇಕು, ಅದಕ್ಕೆ ಮಾರುಕಟ್ಟೆಯಲ್ಲಿ ಬೆಲೆಯೂ ಇದೆ. ಮುರಿದ ಕಡ್ಡಿ ಯಾರಿಗೂ ಬೇಡ. ಕಂತೆಗಳನ್ನು ನೀರಿನಲ್ಲಿ ಮುಳುಗಿಸಲು ಮೇಲೆ ಮಣ್ಣು, ಬಾಳೆದಿಂಡು ಹೇರುವ ರೂಢಿಯದೂ ಇದೇ ಕಥೆ. ಅದರಿಂದ ನಾರು ಕಪ್ಪಾಗಿ ದರ್ಜೆ ಇಳಿಯುತ್ತದೆ ಎಂದು ರೈತನಿಗೆ ಗೊತ್ತು. ಆದರೆ ಒಳ್ಳೆಯ ನಾರಿಗೆ ದಲ್ಲಾಳಿ ಕೊಡುವ ಹೆಚ್ಚುವರಿ ಹಣ ಆ ಶ್ರಮಕ್ಕೆ ಸಾಲುವುದಿಲ್ಲ. ಸೆಣಬಿನ ಬೆಂಬಲ ಬೆಲೆ 2024-25ಕ್ಕೆ ಕ್ವಿಂಟಲಿಗೆ 5,335 ರೂಪಾಯಿ ಇತ್ತು. ನೀರು ಉಳಿಸಿ ಕೊಳೆಹಾಕಿದ ನಾರಿಗೆ ಅದರ ಮೇಲೆ ಒಂದಿಷ್ಟು ಕೊಡಿ, ಆ ನಾರಿನಿಂದಲೇ ಸರ್ಕಾರದ ಚೀಲದ ಒಂದು ಪಾಲು ತಯಾರಾಗಲಿ ಎಂದು ಷರತ್ತು ಹಾಕಿ. ನೂರಕ್ಕೆ ನೂರು ಕೊಳ್ಳುವ ಗಿರಾಕಿ ಸರ್ಕಾರವೇ ಆಗಿರುವಾಗ ಇಷ್ಟು ಹೇಳುವ ಶಕ್ತಿ ಅದಕ್ಕಿಲ್ಲವೇ? ನಿಯಮವನ್ನೇ ಕಿತ್ತುಹಾಕಿದರೆ ಈ ಷರತ್ತು ಹಾಕಲು ಯಾರಿಗೂ ಅಧಿಕಾರ ಉಳಿಯುವುದಿಲ್ಲ.

ಸಕ್ಕರೆ ಕಾರ್ಖಾನೆಯವರ ಪತ್ರದಲ್ಲಿ ಎರಡು ದೂರುಗಳಿವೆ. ಗೋಣಿಯ ಎಳೆ ಸಕ್ಕರೆಯಲ್ಲಿ ಬೆರೆಯುತ್ತದೆ, ಗೋಣಿ ತೇವ ಹೀರುತ್ತದೆ. ಮೂರನೆಯದನ್ನು ಅವರು ಮೆಲ್ಲಗೆ ಹೇಳಿದ್ದಾರೆ: ಗಿರಣಿಯಲ್ಲಿ ನಾರು ಮೆತ್ತಗಾಗಲು ಹಾಕುವ ಖನಿಜತೈಲದ ವಾಸನೆ. ಸಕ್ಕರೆಯ ಮಟ್ಟಿಗೆ ಈ ಮಾತುಗಳಲ್ಲಿ ಹುರುಳಿದೆ. ಒಳಪದರವಿಲ್ಲದ ಗೋಣಿಯಲ್ಲಿ ಮಳೆಗಾಲದ ಸಕ್ಕರೆ ಗಟ್ಟಿಕಟ್ಟುವುದನ್ನು ಕಂಡವರು ಅವರು. ಅವರಿಗೆ ಕಡ್ಡಾಯವಿರುವುದೂ ನೂರಕ್ಕೆ ಇಪ್ಪತ್ತು ಮಾತ್ರ. ಆ ಇಪ್ಪತ್ತನ್ನು ಕೈಬಿಟ್ಟರೂ ನಾನು ಬೀದಿಗಿಳಿದು ಹೋರಾಡುವವನಲ್ಲ. ಧಾನ್ಯದ ಪ್ರಶ್ನೆಯೇ ಬೇರೆ.

ಆ ಖನಿಜತೈಲದ ವಿಷಯಕ್ಕೆ ಮಾತ್ರ ಚಿಕ್ಕಮಗಳೂರು, ಹಾಸನ, ಕೊಡಗಿನವರೇ ಉತ್ತರ ಹೇಳಬಲ್ಲರು. ಕಾಫಿಯನ್ನು ಜಗತ್ತು ಅರವತ್ತು ಕೆಜಿಯ ಗೋಣಿಯ ಲೆಕ್ಕದಲ್ಲೇ ಎಣಿಸುತ್ತದೆ. ಕಾಫಿ ಬೀಜ ಪಕ್ಕದ ವಾಸನೆಯನ್ನೆಲ್ಲ ಎಳೆದುಕೊಳ್ಳುವ ಸರಕು. ಯುರೋಪಿನ ಕೊಳ್ಳುಗರು ಖನಿಜತೈಲದ ಬಗ್ಗೆ ತಕರಾರು ತೆಗೆದಾಗ ಅಂತರರಾಷ್ಟ್ರೀಯ ಸೆಣಬು ಸಂಘಟನೆ 1998ರಲ್ಲಿ ಕಾಫಿ, ಕೋಕೋ, ಸುಲಿದ ಬೀಜಗಳ ಚೀಲಕ್ಕೆ ಒಂದು ಮಾನದಂಡ ಮಾಡಿತು. ಖನಿಜತೈಲದ ಜಾಗದಲ್ಲಿ ಸಸ್ಯದ ಎಣ್ಣೆ, ಅಕ್ಕಿ ತೌಡಿನ ಎಣ್ಣೆಯಂಥದ್ದು, ಬಳಕೆಗೆ ಬಂತು. ಹೂಗ್ಲಿಯ ಗಿರಣಿಗಳು ಅಂಥ ಚೀಲವನ್ನು ನೇಯುತ್ತಿವೆ. ಹೊರದೇಶದ ಗಿರಾಕಿಯ ಕಾಫಿಗೆ ಮಾಡಿಕೊಡುವುದನ್ನು ನಮ್ಮ ಪಡಿತರದ ಅಕ್ಕಿಗೆ ಮಾಡಿಕೊಡಿ ಎಂದು ಕೇಳಲು ಏನಡ್ಡಿ? ಈಚೆಗೆ ಕಾಫಿಯನ್ನು ಕಂಟೇನರಿನೊಳಗೆ ಪ್ಲಾಸ್ಟಿಕ್ ಹಾಸು ಹಾಕಿ ಚೀಲವೇ ಇಲ್ಲದೆ ಸುರಿದು ಕಳಿಸುವುದೂ ಉಂಟು, ಅದನ್ನು ಅಡಗಿಸುವುದಿಲ್ಲ.

ಆದರೆ ಗಾಳಿಯಾಡುವ ಚೀಲದ ಬೆಲೆ ಏನೆಂದು ತಿಳಿಯಬೇಕಾದರೆ ಮಂಗಳೂರಿನ ಮಾನ್ಸೂನ್ಡ್ ಮಲಬಾರ್ ಕಾಫಿಯ ಗೋದಾಮು ನೋಡಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ಕಡಲ ಕಡೆಗೆ ತೆರೆದ ಗೋದಾಮಿನಲ್ಲಿ ಬೀಜವನ್ನು ನೆಲದ ಮೇಲೆ ಹರಡಿ ಮತ್ತೆ ಮತ್ತೆ ಕೈಯಾಡಿಸುತ್ತಾರೆ. ಆಮೇಲೆ ಗೋಣಿಯಲ್ಲಿ ಸಡಿಲವಾಗಿ ತುಂಬಿ, ಸಾಲುಗಳ ನಡುವೆ ಗಾಳಿ ಓಡಾಡುವಂತೆ ಬಿಟ್ಟು ನಿಟ್ಟು ಹಾಕುತ್ತಾರೆ. ಕೆಲವು ದಿನಕ್ಕೊಮ್ಮೆ ಚೀಲ ಸುರಿದು ಮತ್ತೆ ತುಂಬುತ್ತಾರೆ. ಮುಂಗಾರಿನ ತೇವ ನೇಯ್ಗೆಯ ಸಂದಿಯಿಂದ ಒಳಹೋಗಿ ಬೀಜ ಉಬ್ಬಿ ಹೊಂಬಣ್ಣಕ್ಕೆ ತಿರುಗುತ್ತದೆ. ಭೌಗೋಳಿಕ ಗುರುತು ಪಡೆದ ಈ ಕಾಫಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಾಡಿ ತೋರಿಸಲಿ. ಧಾನ್ಯಕ್ಕೂ ಈ ಉಸಿರಾಟ ಬೇಕು. ತಿಂಗಳುಗಟ್ಟಲೆ ಗೋದಾಮಿನಲ್ಲಿರುವ ಅಕ್ಕಿ, ರಾಗಿ ಬೆವರುತ್ತವೆ, ಒಳಗಿನ ಬಿಸಿ ಹೊರಬೀಳಬೇಕು. ಕೀಟಕ್ಕೆ ಹೊಗೆ ಹಾಕಿದರೆ ಅದು ಒಳಗಿಳಿಯಬೇಕು. ಗೋಣಿಯ ಮೇಲೆ ಗೋಣಿ ಜಾರುವುದಿಲ್ಲ, ಎತ್ತರದ ನಿಟ್ಟು ನಿಲ್ಲುತ್ತದೆ. ಪ್ಲಾಸ್ಟಿಕ್ಕಿನ ನುಣುಪಿನ ಮೇಲೆ ಹೆಜ್ಜೆಯಿಟ್ಟು ಮೂಟೆ ಹೊರುವ ಹಮಾಲರನ್ನು ಕೇಳಿ ನೋಡಿ. ಮಾದರಿ ತೆಗೆಯಲು ಕಬ್ಬಿಣದ ಕೊಳವೆ ಚುಚ್ಚಿದರೆ ಗೋಣಿಯ ಎಳೆ ಪಕ್ಕಕ್ಕೆ ಸರಿದು ಮತ್ತೆ ಕೂಡಿಕೊಳ್ಳುತ್ತದೆ, ಪ್ಲಾಸ್ಟಿಕ್ಕಿನಲ್ಲಿ ತೂತು ತೂತಾಗಿಯೇ ಉಳಿದು ಕಾಳು ಸೋರುತ್ತದೆ.

ಬೇಕಾದ ಹೊತ್ತಿಗೆ ಗೋಣಿ ಸಿಗುವುದಿಲ್ಲ ಎಂಬ ದೂರಿಗೆ ಕರ್ನಾಟಕದ ರಾಗಿ ಖರೀದಿ ಕೇಂದ್ರಗಳ ಮುಂದೆ ಚೀಲವಿಲ್ಲದೆ ಕಾದ ರೈತರೇ ಸಾಕ್ಷಿ. 2020ರ ಲಾಕ್‌ಡೌನಿನಲ್ಲಿ ಗಿರಣಿಗಳು ನಿಂತವು, ಕೇಂದ್ರವೇ ಗೋಧಿ ಖರೀದಿಗೆ ಪ್ಲಾಸ್ಟಿಕ್ ಚೀಲಕ್ಕೆ ತಾತ್ಕಾಲಿಕ ಅನುಮತಿ ಕೊಟ್ಟಿತು, ಮೇನಲ್ಲಿ ಅಂಫಾನ್ ಚಂಡಮಾರುತ ಬೆಳೆ ಮಲಗಿಸಿತು. 2021ರ ಸೆಪ್ಟೆಂಬರ್ ಕೊನೆಗೆ ಕಚ್ಚಾ ಸೆಣಬಿನ ಬೆಲೆ ಕ್ವಿಂಟಲಿಗೆ 6,500 ರೂಪಾಯಿ ಮೀರಬಾರದೆಂದು ಸೆಣಬು ಆಯುಕ್ತರು ಮಿತಿ ಹೇರಿದರು. ಆ ಬೆಲೆಗೆ ಸೆಣಬು ಸಿಗದೆ ಹಲವು ಗಿರಣಿಗಳು ಬಾಗಿಲು ಹಾಕಿದವು, 2022ರ ಮೇನಲ್ಲಿ ಮಿತಿ ತೆಗೆಯಬೇಕಾಯಿತು. ದಾಸ್ತಾನುದಾರರ ಆಟವೂ ಅದರಲ್ಲಿತ್ತು, ಸರ್ಕಾರದ ಎಡವಟ್ಟೂ ಇತ್ತು. ಇದಕ್ಕೆ ಮದ್ದು ಕಾಪು ದಾಸ್ತಾನು ಮತ್ತು ಹಳೆ ಚೀಲದ ವಾಪಸಾತಿ. ಅಭಾವದ ಆ ವರ್ಷಗಳಲ್ಲಿ ಕೈಗೆ ಸಿಕ್ಕದ್ದೂ ಒಮ್ಮೆ ಬಳಸಿದ ಗೋಣಿಯೇ ತಾನೇ.

ಕೊನೆಗೆ ವಕಾಲತ್ತಿನ ಮಾತು. ಬಂಗಾಳದ ಗಿರಣಿಗೆ ಕನ್ನಡಿಗ ಯಾಕೆ ದುಡ್ಡು ಕೊಡಬೇಕು? ರಿಶ್ರಾದಲ್ಲಿ 1855ರಲ್ಲಿ ಮೊದಲ ಗಿರಣಿ ಶುರುವಾದಾಗಿನಿಂದ ಈ ಉದ್ಯಮದ ಮಾಲೀಕರು ಲಾಭವನ್ನು ಯಂತ್ರಕ್ಕೆ ಹಾಕಿದ್ದಕ್ಕಿಂತ ಹೊರಗೆ ಸಾಗಿಸಿದ್ದೇ ಹೆಚ್ಚು. ಮೊದಲು ಸ್ಕಾಟ್ಲೆಂಡಿನವರು, ಆಮೇಲೆ ನಮ್ಮವರು. ಬಹುಪಾಲು ಸೆಣಬಿನ ಗದ್ದೆ ಪೂರ್ವ ಬಂಗಾಳಕ್ಕೆ, ಗಿರಣಿಯೆಲ್ಲ ಭಾರತಕ್ಕೆ ಎಂದು ದೇಶ ಒಡೆದ ಮೇಲೂ ಅವರು ಬದುಕಿಕೊಂಡದ್ದು ಸರ್ಕಾರದ ಆಸರೆಯಿಂದ. ಖಾತ್ರಿ ಗಿರಾಕಿ, ಖಾತ್ರಿ ಬೆಲೆ ಇದ್ದರೂ ಹಲವು ಗಿರಣಿಗಳಲ್ಲಿ ಇಂದಿಗೂ ಧೂಳು ಅದೇ, ಸದ್ದು ಅದೇ, ಬದ್ಲಿ ಎಂಬ ಹೆಸರಿನ ದಿನಗೂಲಿಯೂ ಅದೇ. ಅವರ ಪರ ನಾನು ಒಂದು ಸಾಲೂ ಬರೆದಿಲ್ಲ, ಬರೆಯುವುದೂ ಇಲ್ಲ. ಸರ್ಕಾರ ಚೀಲ ಕೊಳ್ಳುವಾಗ ಗಿರಣಿಯ ಕರೆಂಟು, ಎಣ್ಣೆ, ಕೂಲಿ ಎಲ್ಲವನ್ನೂ ಒಪ್ಪಂದದಲ್ಲಿ ಬರೆಸಲಿ, ತಪ್ಪಿದವರಿಂದ ಕೊಳ್ಳದಿರಲಿ. ಬೇಕಾದರೆ ಬಾಂಗ್ಲಾದೇಶದ ಚೀಲದ ಮೇಲಿನ ಸುಂಕವನ್ನು ಮರುವಿಮರ್ಶೆ ಮಾಡಲಿ. ನೆರೆಯವರು ತಮ್ಮದೇ ಕಡ್ಡಾಯ ಕಾಯ್ದೆಯನ್ನು 2010ರಲ್ಲಿ ತಂದಿದ್ದಾರೆ, ಅವರ ಸೆಣಬೂ ಸೆಣಬೇ.

ಆದರೆ ಗಿರಣಿಯ ಹಿಂದೆ ಸುಮಾರು 40 ಲಕ್ಷ ರೈತ ಕುಟುಂಬಗಳಿವೆ, ಮೂರು ನಾಲ್ಕು ತಿಂಗಳ ಬೆಳೆ ತೆಗೆದು ಅದೇ ಗದ್ದೆಯಲ್ಲಿ ಭತ್ತ ನಾಟಿ ಮಾಡುವವರು. ಅವರ ಕೈಗೆ ಹೋಗುವ ಹಣವನ್ನು ಬಂಗಾಳಕ್ಕೆ ದಾನ ಎನ್ನುವುದಾದರೆ, ನಮ್ಮ ರೇಷ್ಮೆ, ಕಾಫಿಗೆ ಕೇಂದ್ರದಲ್ಲಿ ಮಂಡಳಿಗಳಿರುವುದನ್ನು ಏನೆನ್ನಬೇಕು? ನಮ್ಮದೇ ಕಲಬುರಗಿ, ರಾಯಚೂರು ಕಡೆಯ ಪುಂಡಿಯ ನಾರು ಕೂಡ ಇದೇ ಲೆಕ್ಕಕ್ಕೆ ಸೇರುತ್ತದೆ. ಆಂಧ್ರದ ಉತ್ತರ ಜಿಲ್ಲೆಗಳಲ್ಲಿ ಅದರಿಂದಲೇ ಗೋಣಿ ಗಿರಣಿಗಳು ನಡೆದಿವೆ. ನಾವು ಪುಂಡಿಯನ್ನು ಪಲ್ಯಕ್ಕೂ ಹಗ್ಗಕ್ಕೂ ಸಾಕೆಂದು ಬಿಟ್ಟಿದ್ದೇವೆ. ರಾಜ್ಯದ ರಾಗಿಗೆ ಬೇಕಾದ ಚೀಲದಲ್ಲಿ ಒಂದು ಪಾಲನ್ನಾದರೂ ಅದರಿಂದ ನೇಯಿಸಬಹುದೇ ಎಂದು ಧಾರವಾಡ, ರಾಯಚೂರು ಕೃಷಿ ವಿಶ್ವವಿದ್ಯಾಲಯಗಳು ಲೆಕ್ಕ ಹಾಕಲಿ. ಆಗ ಎರಡು ಸಾವಿರ ಕಿಲೋಮೀಟರಿನ ಆಕ್ಷೇಪವೂ ಉಳಿಯುವುದಿಲ್ಲ.

ಎದುರಾಳಿಗಳಿಗೆ ನನ್ನ ಕಡೆಯಿಂದ ಒಂದೇ ಪ್ರಶ್ನೆ. ನಿಮ್ಮ ಪ್ಲಾಸ್ಟಿಕ್ ಚೀಲ ಅಕ್ಕಿ ಇಳಿಸಿದ ಮೇಲೆ ಎಲ್ಲಿಗೆ ಹೋಯಿತು, ಎಷ್ಟು ವಾಪಸು ಬಂತು ಎಂಬುದರ ಲೆಕ್ಕವನ್ನು ಒಂದೇ ಒಂದು ಜಿಲ್ಲೆಯ ಮಟ್ಟಿಗೆ ತೋರಿಸಿ. ಪ್ರಮಾಣಪತ್ರ ಬೇಡ, ಚೀಲ ತೋರಿಸಿ.